ಭಾನುವಾರದ ಜಗಲಿ

ಗಂಜಾಂನ ಶ್ರೀಕಂಠಯ್ಯನವರ ಜಗಲಿಯ ಮೇಲೆ ಭಾನುವಾರ ಬೆಳಿಗ್ಗೆ ಐದಾರು ಜನ ಬಂದು ಕೂರಲು ಶುರುಮಾಡಿ ಒಂದು ತಿಂಗಳಾಗಿತ್ತು. ಶ್ರೀಕಂಠಯ್ಯನವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ದೇವಸ್ಥಾನದ ಪಾಕಶಾಲೆಯಲ್ಲಿ ಅವರಿಗೆ ಕೆಲಸ. ಭಾನುವಾರ ಭಕ್ತರು ಹೆಚ್ಚು. ಪುಳಿಯೋಗರೆ, ಪೊಂಗಲು ಎಲ್ಲ ಮುಗಿಸಿ ಮನೆಗೆ ಬರುವಾಗ ಎರಡು ಗಂಟೆ ದಾಟುತ್ತಿತ್ತು. ಆ ಭಾನುವಾರ ಒಲೆಯ ಕಾವಿಗೆ ತಲೆ ಸುತ್ತಿದಂತಾಗಿ, ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟು ಹನ್ನೊಂದಕ್ಕೇ ಬಂದುಬಿಟ್ಟರು.

ಜಗಲಿಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಎಲೆಗೆ ಸುಣ್ಣ ಸವರುತ್ತಿದ್ದಳು. ಪಕ್ಕದಲ್ಲಿ ಖಾಕಿ ಪ್ಯಾಂಟಿನ ಗಂಡಸು. ಕಂಬಕ್ಕೊರಗಿ ಇನ್ನೂ ಮೂವರು. ಅವರ ನಡುವೆ ತಮ್ಮ ಹೆಂಡತಿ ರುಕ್ಮಿಣಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಪಾಠ ಕೇಳುವವರ ಹಾಗೆ ಕೂತಿದ್ದರು. ಎಲ್ಲರ ಮುಂದೆಯೂ ಮನೆಯ ಸ್ಟೀಲು ಲೋಟಗಳು.

“ಬೆಳಿಗ್ಗೆ ಕೊಟ್ಟಿಗೆ ಕ್ಯಾಮೆ ಮಾಡುವಾಗ ಬಂದ್ರೆ ನಾನು ಏಳ್ಬುಡ್ತೀನಿ,” ಎನ್ನುತ್ತಿದ್ದಳು ಆ ಹೆಂಗಸು. “ಈಗ ಪುರುಸೊತ್ತಿಲ್ಲ ಕಣ್ರಪ್ಪ, ದೀಪ ಅಚ್ಚೋ ಒತ್ಗೆ ಬನ್ನಿ ಅಂತೀನಿ. ಮದ್ಲು ನನ್ನ ಮಾತ್ಗೆ ಸೊಪ್ಪು ಆಕ್ತಿರ್ನಿಲ್ಲ. ಈಗ ಮೂರ್ರಲ್ಲಿ ಎಲ್ಡು ಮಾತು ಕೇಳ್ತವೆ. ಆ ಗಂಡು ದನಿ ಮಾತ್ರ ಮೊಂಡು ಮುಂಡೇದು.”

ಎಲ್ಲರೂ ನಕ್ಕರು. ರುಕ್ಮಿಣಮ್ಮನೂ ನಕ್ಕರು. ಹೆಂಡತಿ ನಕ್ಕದ್ದನ್ನು ಶ್ರೀಕಂಠಯ್ಯ ನೋಡಿ ನಾಲ್ಕು ವರ್ಷವಾಗಿತ್ತು.

“ಯಾರಿವರು?” ಎಂದರು ಮೆಟ್ಟಿಲ ಕೆಳಗೇ ನಿಂತು.

ರುಕ್ಮಿಣಮ್ಮ ಎದ್ದರು. “ನನಗೆ ಬೇಕಾದವರು. ಇವರು ಶೀಳನೆರೆಯ ಪುಟ್ಟತಾಯಮ್ಮ. ಇವರು ದೇವರಾಜು, ಪಾಂಡವಪುರದ ಕಡೆಯವರು, ಸಕ್ಕರೆ ಕಾರ್ಖಾನೇಲಿ ಕಬ್ಬಿನ ತೂಕ ನೋಡ್ಕೋತಾರೆ.”

“ನಮಸ್ಕಾರ ಅಯ್ನೋರೆ,” ಎಂದು ದೇವರಾಜು ಎದ್ದು ನಿಂತ. ಶ್ರೀಕಂಠಯ್ಯ ನೇರವಾಗಿ ಒಳಗೆ ಹೋದರು.

ಹನ್ನೆರಡೂವರೆಗೆ ಅವರೆಲ್ಲ ಹೊರಟರು. ಪುಟ್ಟತಾಯಮ್ಮ ತಾನು ಕುಡಿದ ಲೋಟವನ್ನು ತಾನೇ ತೊಳೆದು ಜಗಲಿಯ ಅಂಚಿನಲ್ಲಿ ಬೋರಲು ಹಾಕಿದ್ದಳು. ರುಕ್ಮಿಣಮ್ಮ ಅದನ್ನು ತಂದು ಅಡಿಗೆಮನೆಯ ಸ್ಟ್ಯಾಂಡಿನಲ್ಲಿ ಎಲ್ಲ ಲೋಟಗಳ ಜೊತೆಗೇ ಇಟ್ಟರು. ಶ್ರೀಕಂಠಯ್ಯ ನೋಡುತ್ತಲೇ ಇದ್ದರು. ಎಲೆಯ ಮುಂದೆ ಕೂತ ಮೇಲೆ ಮಾತು ಹೊರಟಿತು.

“ಯಾರು ಅಂದ್ರೆ ಹೆಸರು ಹೇಳಿದೆ. ಏನು ಅವರು?”

“ಮೈಸೂರಿನ ಆಸ್ಪತ್ರೆಗೆ ಹೋಗಿ ಬಂದವರು. ಕೆಲವರಿಗೆ ದನಿ ಕೇಳಿಸುತ್ತೆ. ಒಬ್ಬರಿಗೊಬ್ಬರು ಮಾತಾಡ್ಕೋತಾರೆ, ಅಷ್ಟೇ.”

“ಹುಚ್ಚರು ಅನ್ನು.”

“ಆ ಮಾತು ಜಗಲಿ ಮೇಲೆ ಆಡಬಾರದು ಅಂತ ಅವರ ಕಟ್ಟಳೆ,” ಎಂದು ರುಕ್ಮಿಣಮ್ಮ ಹುಳಿ ಬಡಿಸಿದರು. “ಮನೆ ಒಳಗೂ ಆಡಬಾರದು ಅಂತ ನನ್ನದು.”

ಶ್ರೀಕಂಠಯ್ಯ ಮಗಳತ್ತ ತಿರುಗಿದರು. ಸಿಂಚನ ಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಟೀಚರು, ಇಪ್ಪತ್ತಮೂರು ವಯಸ್ಸು. “ನಿನಗೂ ಗೊತ್ತಿತ್ತೇನೇ?”

“ಭಾನುವಾರ ಮನೇಲೇ ಇರ್ತೀನಲ್ಲಪ್ಪ.”

“ಬರೋ ತಿಂಗಳು ನಾಗಮಂಗಲದವರು ನಿನ್ನ ನೋಡೋಕೆ ಬರ್ತಾರೆ. ಬೀದಿಯವರು ಅವರ ಕಿವೀಲಿ ಏನು ಊದ್ತಾರೆ ಗೊತ್ತಾ? ಶ್ರೀಕಂಠಯ್ಯನ ಮನೇಲಿ ಹುಚ್ಚರ ಸಂತೆ ಸೇರುತ್ತೆ ಅಂತ!”

“ಮೊದಲು ಊಟ ಮಾಡಿ, ತಲೆ ಸುತ್ತು ಅಂದ್ರಲ್ಲ,” ಎಂದಳು ಸಿಂಚನ. ಅವಳಿಗೆ ಅಪ್ಪನ ಮೇಲೂ ಬೇಸರ, ಅಮ್ಮನ ಮೇಲೂ ಬೇಸರ.

ಆ ಮನೆಯಲ್ಲಿ ಒಬ್ಬರು ಕಡಿಮೆಯಿದ್ದರು. ಮಗ ಶ್ರೀರಾಮ್. ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದವನು ಇದ್ದಕ್ಕಿದ್ದಂತೆ ಗೋಡೆಗೆ ಮುಖ ಮಾಡಿ ಮಾತಾಡತೊಡಗಿದ್ದ. ಊಟ ಬಿಟ್ಟ, ನಿದ್ದೆ ಬಿಟ್ಟ. ಶ್ರೀಕಂಠಯ್ಯ ಹೋಮ ಮಾಡಿಸಿದರು, ತಾಯಿತ ಕಟ್ಟಿಸಿದರು. ಒಂದು ಮಧ್ಯಾಹ್ನ ಅವನು ಪಕ್ಕದ ಮನೆಯ ಕಿಟಕಿಗೆ ಕಲ್ಲು ಬೀಸಿದಾಗ, ಬೀದಿಯ ಇಬ್ಬರನ್ನು ಕರೆದು, ಕೈ ಕಟ್ಟಿ, ಟೆಂಪೋದಲ್ಲಿ ಮೈಸೂರಿಗೆ ಕರೆದೊಯ್ದು ಸೇರಿಸಿದರು. ಮೂರು ತಿಂಗಳಿಗೆ ವಾಪಸು ಬಂದವನ ಮೈ ಊದಿಕೊಂಡಿತ್ತು, ಕೈ ನಡುಗುತ್ತಿತ್ತು. ಗಲಾಟೆ ಇರಲಿಲ್ಲ, ಮಾತೂ ಇರಲಿಲ್ಲ. ಮನೆಯವರು ಬಾಣಂತಿ ಕೋಣೆಯ ಮುಂದೆ ಓಡಾಡುವವರ ಹಾಗೆ ಮೆಲ್ಲಗೆ ಓಡಾಡಿದರು. ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದವನು ಹಿಂತಿರುಗಲಿಲ್ಲ. ಟವೆಲು ಮೆಟ್ಟಿಲ ಮೇಲಿತ್ತು. ಊರಿನವರು ಹೊಳೆಯತ್ತ ಕೈ ತೋರಿಸಿದರು. ಆದರೆ ಬಾಗಿಲಲ್ಲೇ ಬಿಟ್ಟು ಹೋಗಿದ್ದ ಅವನ ಚಪ್ಪಲಿ ಇರಲಿಲ್ಲ, ಹಗ್ಗದ ಮೇಲೆ ಒಣಗಲು ಹಾಕಿದ್ದ ನೀಲಿ ಅಂಗಿಯೂ ಇರಲಿಲ್ಲ. ಸಾಯುವವನು ಅಂಗಿ ಬದಲಾಯಿಸಿಕೊಂಡು ಹೋಗುತ್ತಾನೆಯೇ ಎಂದು ರುಕ್ಮಿಣಮ್ಮ ಎಲ್ಲರನ್ನೂ ಕೇಳಿದರು.

ಪೊಲೀಸರಿಗೆ ದೂರು ಕೊಟ್ಟರು, ಊರೂರು ಸುತ್ತಿದರು. ವರ್ಷವಾದ ಮೇಲೆ ಒಂದು ಮುಂಜಿಮನೆಯಲ್ಲಿ ದೂರದ ನೆಂಟರೊಬ್ಬರು “ಮಗ ಎಲ್ಲಿದ್ದಾನೆ?” ಎಂದಾಗ ಶ್ರೀಕಂಠಯ್ಯನವರ ಬಾಯಿಂದ “ದೆಹಲೀಲಿ ಕೆಲಸ” ಎಂದು ಬಂದುಬಿಟ್ಟಿತು. ಆಮೇಲೆ ಕೇಳಿದ ಪರ ಊರಿನವರಿಗೆಲ್ಲ ಅದನ್ನೇ ಹೇಳಬೇಕಾಯಿತು.

ರುಕ್ಮಿಣಮ್ಮ ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಮಾತ್ರೆಗೆಂದಾದರೂ ಮಗ ಅಲ್ಲಿಗೆ ಬರಬಹುದು ಎಂದು ಔಷಧಿ ಕೊಡುವ ಕಿಟಕಿಯ ಎದುರು ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಅಲ್ಲಿ ಸಾಲಿನಲ್ಲಿದ್ದ ಪುಟ್ಟತಾಯಮ್ಮ ಒಂದು ದಿನ ಪಕ್ಕಕ್ಕೆ ಬಂದು ಕೂತಳು.

“ನಿಮ್ಗೇನವ್ವ ಕೇಳ್ತದೆ?”

“ನನಗೇನೂ ಇಲ್ಲ. ನನ್ನ ಮಗನಿಗೆ ಕೇಳಿಸ್ತಿತ್ತು.”

“ಏನಂತಿದ್ವು?”

ರುಕ್ಮಿಣಮ್ಮನಿಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಆ ದಿನ ಬಸ್ಸಿನಲ್ಲಿ ಮನೆಗೆ ಬರುವವರೆಗೂ ಆ ಪ್ರಶ್ನೆ ಅವರ ಜೊತೆಗೇ ಬಂತು. ಪುಟ್ಟತಾಯಮ್ಮ, ದೇವರಾಜು ಮತ್ತೆ ಕೆಲವರು ಮಾತ್ರೆ ತೆಗೆದುಕೊಂಡ ಮೇಲೆ ಗೇಟಿನಾಚೆಯ ಮರದಡಿ ಕೂತು ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಮಳೆ ಬಂದರೆ ಅದೂ ಇಲ್ಲ. “ನಮ್ಮ ಜಗಲಿ ದೊಡ್ಡದಿದೆ. ಶ್ರೀರಂಗಪಟ್ಟಣದಲ್ಲಿ ಇಳಿದರೆ ಟಾಂಗಾ ಸಿಗುತ್ತೆ, ಬನ್ನಿ,” ಎಂದು ರುಕ್ಮಿಣಮ್ಮನೇ ಕರೆದಿದ್ದರು.

ಶ್ರೀಕಂಠಯ್ಯ ಅವರನ್ನು ಓಡಿಸಲಿಲ್ಲ. ತಲೆಸುತ್ತಿನ ಕಾರಣಕ್ಕೆ ಭಾನುವಾರ ಪಾಕಶಾಲೆಯಿಂದ ಹನ್ನೊಂದಕ್ಕೇ ಹೊರಡುತ್ತಿದ್ದವರು ಹಿತ್ತಲ ಬಾಗಿಲಿಂದ ಮನೆಯೊಳಕ್ಕೆ ಬರತೊಡಗಿದರು. ಹೆಂಡತಿಯ ಜೊತೆಗಿನ ಮಾತು ನಿಂತಿತು. ಉಪ್ಪು ಬೇಕಾದರೆ “ಸಿಂಚನಾ, ಉಪ್ಪು” ಎನ್ನುತ್ತಿದ್ದರು. ಉಪ್ಪು ಹೆಂಡತಿಯ ಕೈಯಳತೆಯಲ್ಲೇ ಇರುತ್ತಿತ್ತು.

ಡಿಸೆಂಬರ್ ಬಂತು. ಒಂದು ಸಂಜೆ ತಾಯಿ ಮಗಳು ಅವರೆಕಾಯಿ ಬಿಡಿಸುತ್ತ ಕೂತಿದ್ದರು.

“ಜಗಲಿ ಮೇಲೆ ಅವರು ಹೇಳೋದೆಲ್ಲ ನೀನು ನಂಬ್ತೀಯಾ ಅಮ್ಮ?” ಎಂದಳು ಸಿಂಚನ. “ಕಾಯಿಲೆಗೆ ಮಾತ್ರೆ ಬೇಡ ಅಂತಾರಾ ಅವರು?”

“ಇಲ್ಲಪ್ಪ. ದೇವರಾಜು ಒಂದು ಸಲ ತಾನೇ ನಿಲ್ಲಿಸಿ, ಮೂರು ದಿನ ನಿದ್ದೆಯಿಲ್ಲದೆ ನಾಲೆ ಏರಿ ಮೇಲೆ ಓಡಾಡಿದ್ನಂತೆ. ಅವನಂತೂ ನಿಲ್ಲಿಸ್ಬೇಡಿ ಅಂತಲೇ ಹೇಳ್ತಾನೆ. ಪುಟ್ಟತಾಯಮ್ಮ ಅರ್ಧಕ್ಕೆ ಇಳಿಸಿಕೊಂಡಿದಾಳೆ, ಡಾಕ್ಟರನ್ನ ಕೇಳಿಯೇ. ಆ ವಿಚಾರಕ್ಕೆ ಇಬ್ಬರಿಗೂ ವಾರ ವಾರ ಜಗಳ.”

“ಮತ್ತೆ ಏನು ಹೇಳ್ತಾರೆ?”

“ಆ ದನಿ ಸುಳ್ಳೋ ನಿಜವೋ ಅಂತ ವಾದ ಮಾಡೋದು ಬೇಡ ಅಂತಾರೆ. ಏನು ಹೇಳ್ತು, ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಮನೇಲಿ ಏನಾಗಿತ್ತು ಅಂತ ಕೇಳಬೇಕಂತೆ. ಪುಟ್ಟತಾಯಮ್ಮನ ತಂಗಿ ನಾಲೇಲಿ ಮುಳುಗಿ ಹೋದಳಂತೆ. ಅವಳ ದನಿಯೇ ಮೊದಲು ಬಂದಿದ್ದು. ಅದನ್ನ ಹೇಳ್ಕೊಳ್ಳೋಕೆ ಪುಟ್ಟತಾಯಮ್ಮನಿಗೆ ಹನ್ನೆರಡು ವರ್ಷ ಯಾರೂ ಸಿಗಲಿಲ್ವಂತೆ.”

ಸಿಂಚನ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. “ಅಣ್ಣ ನನಗೆ ಒಂದು ಸಲ ಹೇಳಿದ್ದ.”

ರುಕ್ಮಿಣಮ್ಮನ ಕೈ ನಿಂತಿತು.

“ಅವನು ಬರೆದ ಉತ್ತರಾನೆಲ್ಲ ಯಾರೋ ಜೋರಾಗಿ ಓದ್ತಾರಂತೆ, ಓದಿ ನಗ್ತಾರಂತೆ. ಎಲ್ಲಾ ತಪ್ಪು, ಅಪ್ಪನ ಹೆಸರು ಕೆಡಿಸ್ತೀಯ ಅಂತಾರಂತೆ. ನಾನು, ಸುಮ್ನೆ ಓದ್ಕೊಳ್ಳೋ, ನಂಗೂ ನಾಳೆ ಟೆಸ್ಟಿದೆ ಅಂದೆ.”

“ಇಷ್ಟು ವರ್ಷ ಹೇಳಲಿಲ್ವಲ್ಲೇ.”

“ನೀವು ಕೇಳಲಿಲ್ವಲ್ಲ.” ಅವಳ ಕಣ್ಣು ತುಂಬಿತು. “ನನಗೆ ಅವನ ಮೇಲೆ ಕೋಪಾನೇ ಬರುತ್ತಮ್ಮ. ಹೇಳಿ ಹೋಗಬಹುದಿತ್ತು. ನಿಂಗೆ ಅಲ್ದಿದ್ರೂ ನಂಗೆ.”

ಅದಾದ ಮುಂದಿನ ಭಾನುವಾರ ಪುಟ್ಟತಾಯಮ್ಮ ಒಂದು ಸುದ್ದಿ ತಂದಳು. ಶೀಳನೆರೆಯಿಂದ ಎರಡು ಮೈಲಿ ಆಚೆ ಒಂದು ಆಲೆಮನೆ. ಅಲ್ಲಿ ಬೆಲ್ಲ ಕಾಯಿಸುವ ಕೆಲಸಕ್ಕೆ ಹೊಸದಾಗಿ ಒಬ್ಬ ಸೇರಿದ್ದಾನೆ. ಒಲೆಗೆ ಉರಿ ಹಾಕುತ್ತ ಶ್ಲೋಕ ಹೇಳುತ್ತಾನೆ, ಒಬ್ಬೊಬ್ಬನೇ ಮಾತಾಡುತ್ತಾನೆ. ಯಾವೂರು ಎಂದರೆ ಹೇಳುವುದಿಲ್ಲ.

“ವಯಸ್ಸು?” ಎಂದರು ರುಕ್ಮಿಣಮ್ಮ.

“ಮಸಿ ಮೆತ್ತ್ಕಂಡವ್ನೆ ಕಣವ್ವ, ಸರ್ಯಾಗಿ ಗೊತ್ತಾಗಾಕಿಲ್ಲ. ಮೂವತ್ತೂ ಇರ್ಬೋದು. ಓದ್ದವ್ನಂಗವ್ನೆ. ಆಸೆ ಇಟ್ಕಬ್ಯಾಡಿ, ಆದ್ರೂ ನೋಡ್ಕಂಡೇ ಬರಾನ.”

ಮಂಗಳವಾರ ಗಂಡ ದೇವಸ್ಥಾನಕ್ಕೆ, ಮಗಳು ಶಾಲೆಗೆ ಹೋದ ಮೇಲೆ ರುಕ್ಮಿಣಮ್ಮ ಒಂದು ಡಬ್ಬಿಗೆ ಮೊಸರನ್ನ ಕಲಸಿಕೊಂಡರು. ಶ್ರೀರಾಮನಿಗೆ ಸೇರುವ ಹಾಗೆ ಮಾವಿನ ಶುಂಠಿ ಹೆಚ್ಚಿ ಹಾಕಿದರು. ಮೇಲೊಂದು ಒಗೆದ ಪಂಚೆ, ಅಂಗಿ. ಕೆ.ಆರ್. ಪೇಟೆಯ ಬಸ್ಸು ಪಾಂಡವಪುರದಲ್ಲಿ ಅರ್ಧ ಗಂಟೆ ನಿಂತಿತು. ಅವರಿಗೆ ಇಳಿದು ನಡೆದೇ ಹೋಗಿಬಿಡೋಣ ಎನಿಸಿತು.

ಶೀಳನೆರೆಯಲ್ಲಿ ಪುಟ್ಟತಾಯಮ್ಮ ಕಾದಿದ್ದಳು. ಗದ್ದೆಯ ಬದುವಿನ ಮೇಲೆ ನಡೆದು ಹೋದಾಗ ಕಾಯುವ ಕಬ್ಬಿನಹಾಲಿನ ವಾಸನೆ ಮೊದಲು ಬಂತು, ಆಮೇಲೆ ಹೊಗೆ ಕಂಡಿತು. ಒಲೆಯ ಬಾಯಿಯ ಮುಂದೆ ಒಬ್ಬ ಕುಕ್ಕರಗಾಲಲ್ಲಿ ಕೂತು ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ. ಬೆನ್ನು ಈ ಕಡೆಗಿತ್ತು. ಬಗ್ಗಿದ ಆ ಭುಜ, ಕತ್ತಿನ ಹಿಂದೆ ಇಳಿದ ಕೂದಲು. ರುಕ್ಮಿಣಮ್ಮ ಓಡಿದರು. ಐವತ್ತೆರಡು ವಯಸ್ಸಿನ ಹೆಂಗಸು, ಸೀರೆ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಆಲೆಮನೆಯ ಆಳುಗಳೆಲ್ಲ ತಿರುಗಿ ನೋಡುವ ಹಾಗೆ ಓಡಿದರು.

“ರಾಮೂ!”

ಅವನು ತಿರುಗಿದ. ನಲವತ್ತರ ಮೇಲಿನ ಮುಖ, ಮುಂದಿನ ಎರಡು ಹಲ್ಲಿರಲಿಲ್ಲ.

ರುಕ್ಮಿಣಮ್ಮ ಪಕ್ಕದ ಕಬ್ಬಿನ ರಾಶಿಯ ಮೇಲೆ ಕೂತುಬಿಟ್ಟರು. ಪುಟ್ಟತಾಯಮ್ಮ ಓಡಿ ಬಂದು ಬೆನ್ನ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಆ ಮನುಷ್ಯನೇ ಒಂದು ಲೋಟದಲ್ಲಿ ಕಬ್ಬಿನಹಾಲು ತಂದುಕೊಟ್ಟ.

“ಮಗನಾ?” ಎಂದ.

“ಹೂಂ. ನಾಲ್ಕು ವರ್ಷ ಆಯ್ತು.” ಡಬ್ಬಿ ಅವನತ್ತ ಚಾಚಿದರು. “ಮೊಸರನ್ನ ಇದೆ. ಊಟ ಮಾಡಿ. ಇದನ್ನ ವಾಪಸ್ಸು ಹೊತ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ.”

ಅವನು ಕೈ ತೊಳೆದು ಬಂದು, ಅಚ್ಚುಕಟ್ಟಾಗಿ, ಒಂದು ಅಗುಳೂ ಚೆಲ್ಲದೆ ಉಂಡ. ಹಾಸನದ ಕಡೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದನಂತೆ. ಊರಲ್ಲಿ ತಾಯಿ ಇದ್ದಾಳೆಯೇ ಎಂದರೆ “ಇರ್ಬಹುದು” ಎಂದ.

“ವಿಳಾಸ ಹೇಳಿ, ಒಂದು ಕಾಗದ ಹಾಕ್ತೀನಿ.”

ಅವನು ತಟ್ಟನೆ ಎದ್ದು ನಿಂತ. “ಬೇಡಿ. ಬಂದು ಕಟ್ಟಿ ಕರ್ಕೊಂಡ್ಹೋಗ್ತಾರೆ. ಹೋದ ಸಲ ಎತ್ತಿನ ಹಗ್ಗದಲ್ಲಿ ಕಟ್ಟಿದ್ರು. ನನ್ನ ಕ್ಲಾಸಿನ ಮಕ್ಕಳು ನೋಡ್ತಾ ಇದ್ರು.”

ಪುಟ್ಟತಾಯಮ್ಮನೇ ಮಾತಾಡಿದಳು.

“ಎಲ್ಲವ್ನೆ ಅಂತ ಬರೆಯಾದು ಬ್ಯಾಡ ಬುಡಪ್ಪ. ಬದುಕವ್ನೆ ಅಂತ ಬರೀಲಿ. ಎತ್ತವ್ಳು ಒಂದೊತ್ತಾದ್ರೂ ಒಟ್ಟೆ ತುಂಬ ಉಂಡಾಳು.”

“ಅಂಚೆ ಮುದ್ರೆ ಬೀಳುತ್ತೆ,” ಎಂದ ಅವನು.

“ಶ್ರೀರಂಗಪಟ್ಟಣದಿಂದ ಹಾಕ್ತೀನಿ,” ಎಂದರು ರುಕ್ಮಿಣಮ್ಮ. “ಅಲ್ಲಿ ಹುಡುಕಿದ್ರೆ ನಾನೊಬ್ಬಳೇ ಸಿಗೋದು.”

ಕೊನೆಗೆ ಅವನು ವಿಳಾಸ ಹೇಳಿದ. ತಂದಿದ್ದ ಪಂಚೆ, ಅಂಗಿಯನ್ನು ರುಕ್ಮಿಣಮ್ಮ ಅವನಿಗೇ ಕೊಟ್ಟು ಬಂದರು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ಕಳೆದಿತ್ತು. ಸಿಂಚನ ಅನ್ನ, ತಿಳಿಸಾರು ಮಾಡಿ ಅಪ್ಪನಿಗೆ ಬಡಿಸುತ್ತಿದ್ದಳು.

“ಎಲ್ಲಿಗೆ ಹೋಗಿದ್ದೆ?” ಎಂದರು ಶ್ರೀಕಂಠಯ್ಯ. ಐದು ವಾರದ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು.

“ಶೀಳನೆರೆ ಹತ್ರ ಒಂದು ಆಲೆಮನೆಗೆ. ಯಾರೋ ಒಬ್ಬ ಇದ್ದಾನೆ ಅಂದ್ರು.”

ಶ್ರೀಕಂಠಯ್ಯನವರ ಕೈಯ ತುತ್ತು ಎಲೆಗೆ ಬಿತ್ತು. “ಅವನೇನಾ?”

ಆ ದನಿ ಕೇಳಿ ಸಿಂಚನ ಅಪ್ಪನ ಮುಖ ನೋಡಿದಳು. ಅಪ್ಪ ಅಣ್ಣನನ್ನು ಮರೆತೇಬಿಟ್ಟಿದ್ದಾರೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು.

“ಅಲ್ಲ,” ಎಂದರು ರುಕ್ಮಿಣಮ್ಮ. “ಬೇರೆ ಯಾರದೋ ಮಗ. ಮನೆಗೆ ಕಾಗದ ಬರೀತೀನಿ ಅಂದೆ. ಬೇಡ, ಬಂದು ಕಟ್ಟಿಹಾಕ್ತಾರೆ ಅಂದ.” ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮ ರಾಮೂನೂ ಎಲ್ಲೋ ಯಾರಿಗೋ ಹೀಗೇ ಹೇಳ್ತಿರ್ತಾನೆ ಅಲ್ವೇನ್ರೀ?”

ಶ್ರೀಕಂಠಯ್ಯ ಅರ್ಧ ಊಟಕ್ಕೇ ಎದ್ದು ಹಿತ್ತಲಿಗೆ ಹೋದರು. ಬಚ್ಚಲಲ್ಲಿ ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು.

ನಾಗಮಂಗಲದವರು ಬರುವ ಭಾನುವಾರ ಜಗಲಿಯವರಿಗೆ ರಜೆ ಹೇಳಿದ್ದಾಯಿತು. ಉಪ್ಪಿಟ್ಟು, ಕೇಸರಿಬಾತು ಆದವು. ಹುಡುಗ ಹೈಸ್ಕೂಲು ಮೇಷ್ಟ್ರು, ಮೆಲುದನಿಯವನು. ಸಿಂಚನಳಿಗೆ ಅವನು ಹಿಡಿಸಿದ. ಅವನಿಗೂ ಹಿಡಿಸಿತೆಂದು ಕಾಣುತ್ತದೆ, ಯಾವ ತರಗತಿಗೆ ಪಾಠ ಮಾಡ್ತೀರಿ ಎಂದು ಕೇಳಿದ್ದನ್ನೇ ಎರಡು ಸಲ ಕೇಳಿದ. ಹಿರಿಯರ ಮಾತು ಮುಹೂರ್ತದ ಹತ್ತಿರಕ್ಕೆ ಬಂದಾಗ ಹುಡುಗನ ತಂದೆ ಜೇಬಿನಿಂದ ಪೆನ್ನು ತೆಗೆದರು.

“ನಿಮ್ಮ ಮಗನ ದೆಹಲಿ ವಿಳಾಸ ಕೊಡಿ ಸ್ವಾಮಿ. ನಮ್ಮ ಅಣ್ಣನ ಮಗ ಅಲ್ಲೇ ಇದ್ದಾನೆ. ಹೋಗಿ ಮಾತಾಡಿಸಿಕೊಂಡು ಬರ್ತಾನೆ.”

ಶ್ರೀಕಂಠಯ್ಯ ಗಂಟಲು ಸರಿಮಾಡಿಕೊಂಡರು. “ಅದು... ಈಚೆಗೆ ಕ್ವಾರ್ಟರ್ಸು ಬದಲಾಯಿಸಿದ್ದಾನೆ...”

“ಅಣ್ಣ ದೆಹಲೀಲಿ ಇಲ್ಲ,” ಎಂದಳು ಸಿಂಚನ. ಅವಳ ಕೈಯಲ್ಲಿ ಕಾಫಿಯ ತಟ್ಟೆ ಇತ್ತು. ಅದನ್ನು ನೆಲದ ಮೇಲಿಟ್ಟಳು. “ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ. ಅವನಿಗೆ ಮನಸ್ಸಿನ ಕಾಯಿಲೆ ಅಂತ ಮೈಸೂರಿನ ಆಸ್ಪತ್ರೇಲಿ ಇಟ್ಟಿದ್ವಿ. ವಾಪಸ್ಸು ಬಂದು, ಆಮೇಲೆ ಮನೆ ಬಿಟ್ಟು ಹೋದ. ನಾಲ್ಕು ವರ್ಷ ಆಯ್ತು.”

ಹುಡುಗನ ತಾಯಿ ಕೇಸರಿಬಾತಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, “ಪಾಪ” ಎಂದರು. ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಎದ್ದರು. ಹುಡುಗ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ಅವರು ಬೀದಿ ತಿರುಗುವುದೇ ತಡ, ಶ್ರೀಕಂಠಯ್ಯ ಕೂಗಾಡಿದರು. “ನಿನ್ನ ಬಾಳು ನೀನೇ ಹಾಳು ಮಾಡ್ಕೊಂಡೆ! ತಾಳಿ ಕಟ್ಟೋವರೆಗೆ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತೇ?”

“ನಾಳೆ ಅಣ್ಣ ಬಂದ್ರೆ?” ಸಿಂಚನಳ ದನಿಯೂ ಏರಿತು. “ಹರಿದ ಬಟ್ಟೇಲಿ, ಗಡ್ಡ ಬಿಟ್ಕೊಂಡು ಬಂದ್ರೆ ಯಾರು ಅಂತ ಹೇಳ್ತೀರಿ? ದೆಹಲಿಯಿಂದ ಬಂದ ಅಂತೀರಾ? ಅವನು ಬರೋಕೆ ನೀವು ಬಾಗಿಲೇ ಇಟ್ಟಿಲ್ಲವಲ್ಲಪ್ಪ!”

ಶ್ರೀಕಂಠಯ್ಯ ಎತ್ತಿದ ಕೈಯನ್ನು ಇಳಿಸಿದರು. ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಜಾತಕ ಕೂಡಿಬರಲಿಲ್ಲ ಎಂದು ಗುರುವಾರ ಕಾಗದ ಬಂತು. ಸಿಂಚನ ಅದನ್ನು ಓದಿ, ಮಡಿಸಿ, ಶಾಲೆಗೆ ಹೊರಟಳು. ಅತ್ತದ್ದು ಶಾಲೆಯಲ್ಲಿ, ಊಟದ ಬಿಡುವಿನಲ್ಲಿ, ಖಾಲಿ ಕ್ಲಾಸಿನೊಳಗೆ.

ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಶ್ರೀಕಂಠಯ್ಯ ಮುಂಬಾಗಿಲ ಕಡೆಯಿಂದ ಬಂದರು. ಜಗಲಿಯ ಮೇಲಿದ್ದವರು ಏಳಲು ಹೋದರು. “ಕೂತ್ಕೊಳ್ಳಿ,” ಎಂದು ಅವರು ಮೆಟ್ಟಿಲ ಮೇಲೆಯೇ ಕೂತರು. ದೇವರಾಜು ಹೇಳುತ್ತಿದ್ದ ಮಾತನ್ನು ಮುಂದುವರಿಸಿದ. ತೂಕದ ಲಾರಿಗಳ ನಂಬರನ್ನು ಯಾರೋ ತನ್ನ ಕಿವಿಯಲ್ಲಿ ಬೈಗುಳದ ಹಾಗೆ ಹೇಳುವುದರ ಬಗ್ಗೆ ಆ ಮಾತು. ಅದು ಮುಗಿದ ಮೇಲೆ ಶ್ರೀಕಂಠಯ್ಯ, ಬೀದಿಯ ಕಡೆಗೇ ನೋಡುತ್ತ, ಬಾಯಿ ತೆರೆದರು.

“ನನಗೂ ಒಂದು ಕೇಳಿಸುತ್ತೆ.”

ಬಾಗಿಲಲ್ಲಿ ನಿಂತಿದ್ದ ರುಕ್ಮಿಣಮ್ಮ ಬಾಗಿಲವಾಡ ಹಿಡಿದುಕೊಂಡರು.

“ಬೆಳಗಿನ ಜಾವ ಸ್ನಾನಕ್ಕೆ ಹೊಳೆಗೆ ಇಳಿದಾಗ. ದಿನಾ.”

“ಏನಂತದೆ ಅಯ್ನೋರೆ?” ಎಂದಳು ಪುಟ್ಟತಾಯಮ್ಮ.

“‘ಬಿಚ್ಚಪ್ಪಾ’ ಅನ್ನುತ್ತೆ. ಟೆಂಪೋದಲ್ಲಿ ಮೈಸೂರು ಮುಟ್ಟೋವರೆಗೂ ಅವನು ಅದೊಂದೇ ಮಾತು ಅಂದಿದ್ದು. ಬೈಲಿಲ್ಲ, ಕೂಗಲಿಲ್ಲ. ಬಿಚ್ಚಪ್ಪಾ, ಬಿಚ್ಚಪ್ಪಾ ಅಂತ. ನಾನು ಬಿಚ್ಚಲಿಲ್ಲ. ಆಸ್ಪತ್ರೆಯವರೇ ಬಿಚ್ಚಿದ್ದು.”

ನಿಮ್ಮ ತಪ್ಪಿಲ್ಲ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಇದ್ದ ತಪ್ಪನ್ನು ಎತ್ತಿ ಆಡಲೂ ಇಲ್ಲ. ದೇವರಾಜು, ತಾನು ಯಾವಾಗಲೂ ಎಲ್ಲರನ್ನೂ ಕೇಳುವ ಹಾಗೆ ಕೇಳಿದ:

“ಬಂದಾಗ ನೀವೇನ್ಮಾಡ್ತೀರಿ?”

“ಮಂತ್ರ ಜೋರಾಗಿ ಹೇಳ್ತೀನಿ.”

“ನಿಂತ್ಕತದಾ?”

“ಇಲ್ಲ.”

“ಅದ್ಕೆ ಉತ್ರ ಕೊಟ್ಟಿದ್ದೀರಾ?”

ಶ್ರೀಕಂಠಯ್ಯ ತಿರುಗಿ ಅವನ ಮುಖ ನೋಡಿದರು. “ಏನಂತ ಕೊಡ್ಲಿ?”

“ಅದ ನಾವೇಳಾಕಾಗಾಕಿಲ್ಲ,” ಎಂದಳು ಪುಟ್ಟತಾಯಮ್ಮ. “ಕಾಪಿ ಕುಡೀರಿ, ಆರೋಯ್ತದೆ.” ತನ್ನ ಮುಂದಿದ್ದ ಮುಟ್ಟದ ಲೋಟವನ್ನು ಅವರತ್ತ ಸರಿಸಿದಳು. ಅವರು ತೆಗೆದುಕೊಂಡು ಕುಡಿದರು.

ಶ್ರೀಕಂಠಯ್ಯ ಉತ್ತರ ಬರೆಯಲು ಎರಡು ದಿನ ಹಿಡಿಯಿತು. ಬರೆದು, ಹೊಡೆದು, ಮತ್ತೆ ಬರೆದು, ಕೊನೆಗೆ ಮಗಳಿಗೆ ತೋರಿಸಿದರು. ಸಿಂಚನ ಓದಿ, “‘ತಪ್ಪಾಯಿತು’ ಅನ್ನೋದು ಮೊದಲೇ ಬರಲಿ, ಕೊನೇಲಿ ಬೇಡ,” ಎಂದಳು. ಅವರು ಹಾಗೆಯೇ ತಿದ್ದಿದರು. ಪೇಟೆಯ ಪ್ರೆಸ್ಸಿನಲ್ಲಿ ಅದು ಅಚ್ಚಾಯಿತು.

‘ಶ್ರೀರಾಮ್, ನನ್ನಿಂದ ತಪ್ಪಾಯಿತು. ನೀನು ಮನೆಗೆ ಬಂದು ಇರಲೇಬೇಕೆಂದಿಲ್ಲ. ಬಂದರೆ ಯಾರೂ ಕಟ್ಟುವುದಿಲ್ಲ, ಎಲ್ಲಿಗೂ ಹಿಡಿದು ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ನಿನ್ನ ಹಾಗೆ ಕಷ್ಟಪಟ್ಟವರು ಕೂತಿರುತ್ತಾರೆ. ಊಟ ಇರುತ್ತದೆ. ಹೇಳಬೇಕೆನಿಸಿದರೆ ಹೇಳು, ಇಲ್ಲದಿದ್ದರೆ ಉಂಡು ಹೋಗು. ನಿನ್ನ ಅಪ್ಪ, ಶ್ರೀಕಂಠಯ್ಯ, ಗಂಜಾಂ.’

ರಜೆಯ ದಿನಗಳಲ್ಲಿ ತಂದೆ ಮಗಳು ಮೈದಾ ಅಂಟಿನ ಡಬ್ಬಿ ಹಿಡಿದು ಹೊರಟರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬಸ್‌ಸ್ಟ್ಯಾಂಡುಗಳಲ್ಲೆಲ್ಲ ಹಚ್ಚಿದರು. ನಾಗಮಂಗಲದಲ್ಲಿ ಹಚ್ಚುವಾಗ ಆ ಹೈಸ್ಕೂಲು ಮೇಷ್ಟ್ರು ಸೈಕಲ್ಲಿನಲ್ಲಿ ಹೋಗುತ್ತಿದ್ದವನು ನಿಲ್ಲಿಸಿ ಓದಿದ. ಸಿಂಚನ ಅವನತ್ತ ನೋಡದೆ ಕಾಗದದ ಮೂಲೆಯನ್ನು ಅಂಗೈಯಿಂದ ಒತ್ತಿದಳು. ಅವನು ಮತ್ತೆ ಸೈಕಲ್ಲು ಹತ್ತಿ ಹೋದ.

ಪರ ಊರಿನ ನೆಂಟರಿಗೆಲ್ಲ ವಿಷಯ ಗೊತ್ತಾಯಿತು. ಅವರಲ್ಲಿ ಇಬ್ಬರು ಮನೆಗೆ ಬರುವುದನ್ನು ನಿಲ್ಲಿಸಿದರು. ಪೋಸ್ಟರಿನ ಮೇಲೆ ಸಿನಿಮಾದವರು ಪೋಸ್ಟರು ಹಚ್ಚಿದರು. ಶ್ರೀಕಂಠಯ್ಯ ಮತ್ತೆ ಹೋಗಿ ಅದರ ಪಕ್ಕದಲ್ಲಿ ಹಚ್ಚಿ ಬಂದರು. ಹಾಸನದ ಕಡೆಯಿಂದ ರುಕ್ಮಿಣಮ್ಮನ ಹೆಸರಿಗೆ ಒಂದು ಕಾರ್ಡು ಬಂತು. ರುಕ್ಮಿಣಮ್ಮ ಬರೆದ ಕಾಗದಕ್ಕೆ ಆಲೆಮನೆಯವನ ತಾಯಿ ಯಾರ ಕೈಯಲ್ಲೋ ಬರೆಸಿದ ಉತ್ತರ: ‘ಅವನಿಗೆ ಖಾರ ಆಗುವುದಿಲ್ಲ, ಹತ್ತಿರ ಇರುವವರಿಗೆ ಹೇಳಿ.’ ಅಷ್ಟೇ ಇತ್ತು. ಅದನ್ನು ಪುಟ್ಟತಾಯಮ್ಮನ ಕೈಯಲ್ಲಿ ಆಲೆಮನೆಗೆ ಕಳಿಸಿದರು. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡನಂತೆ.

ಶ್ರೀರಾಮನಿಂದ ಏನೂ ಬರಲಿಲ್ಲ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಹೊಳೆಯ ನೀರು ಇಳಿದು ಬಂಡೆಗಳು ಎದ್ದವು. ಭಾನುವಾರ ಗೇಟು ಸದ್ದಾದಾಗಲೆಲ್ಲ ರುಕ್ಮಿಣಮ್ಮ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದರು. ಶ್ರೀಕಂಠಯ್ಯ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ತಲೆಯೆತ್ತುತ್ತಿದ್ದರು. ಬಂದವರು ಪುಟ್ಟತಾಯಮ್ಮನೋ ದೇವರಾಜುವೋ ಆಗಿರುತ್ತಿದ್ದರು. “ನಾನು ಕಣ್ರವ್ವ,” ಎಂದು ಪುಟ್ಟತಾಯಮ್ಮ ದೂರದಿಂದಲೇ ಕೂಗುವುದನ್ನು ಅಭ್ಯಾಸ ಮಾಡಿಕೊಂಡಳು. ಸುಮ್ಮನೆ ಬಂದು ಅವರ ಮುಖ ಬಾಡುವುದನ್ನು ನೋಡುವುದು ಅವಳಿಗೆ ಬೇಡವಾಗಿತ್ತು.

ಯುಗಾದಿ ಕಳೆದ ಮೊದಲ ಭಾನುವಾರ ಎಲ್ಲರೂ ಬಂದಾಗಿತ್ತು. ಸಿಂಚನ ಎಲೆ ಹಾಕುತ್ತಿದ್ದಳು. ಆಗ ಗೇಟು ಸದ್ದಾಯಿತು. ಯಾರೂ ಕೂಗಲಿಲ್ಲ. ರುಕ್ಮಿಣಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

ಮೂವತ್ತು ಮೂವತ್ತೈದರ ಹೆಂಗಸೊಬ್ಬಳು ಗೇಟಿನ ಬಳಿ ನಿಂತಿದ್ದಳು. ಒಣಗಿದ ಕೂದಲು, ಕಾಲೆಲ್ಲ ಧೂಳು. ಕೈಯಲ್ಲಿ ಗೋಡೆಯಿಂದ ಕಿತ್ತ ಪೋಸ್ಟರು. ಒಂದು ಮೂಲೆಗೆ ಸುಣ್ಣದ ಹಕ್ಕಳೆಯೂ ಅಂಟಿಕೊಂಡು ಬಂದಿತ್ತು.

“ಇದ್ನ ಬರ್ದವ್ರು ಯಾರು?”

“ನಾನು,” ಎಂದರು ಶ್ರೀಕಂಠಯ್ಯ.

“ಕಟ್ಟಾಕಾಕಿಲ್ಲ ಅಂತ ಬರ್ದಿದ್ದೀರಿ.”

“ಹೌದಮ್ಮ.”

ಅವಳು ಜಗಲಿಯ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಗೇಟು ಹಿಡಿದಿದ್ದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

“ನಾನು ಶ್ರೀರಾಮ್ ಅಲ್ಲ,” ಎಂದಳು. “ಆದ್ರೂ ಬರ್ಬೋದಾ?”

ಶ್ರೀಕಂಠಯ್ಯ ಕೂತಲ್ಲಿಂದ ಸರಿದು ಜಾಗ ಮಾಡಿದರು. ರುಕ್ಮಿಣಮ್ಮ ಒಂದು ಗಳಿಗೆ ಗೇಟಿನಾಚೆ, ಅವಳು ಬಂದ ದಾರಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಇನ್ನೊಂದು ಎಲೆ ತರಲು ಒಳಗೆ ಹೋದರು.